ಕ್ರೆಡಿಟ್ ಕಾರ್ಡ್ ಬಿಲ್ ಪ್ರತಿ ತಿಂಗಳು ಪೂರ್ತಿ ಕಟ್ಟುವುದು ಹೇಗೆ: ಮನೆ ಲೆಕ್ಕದಿಂದ ಶುರುವಾಗುವ ಸಮಗ್ರ ಮಾರ್ಗದರ್ಶಿ

ತಿಂಗಳ ಇಪ್ಪತ್ತು ದಾಟುವಷ್ಟರಲ್ಲಿ ಖಾತೆ ಖಾಲಿ. ಅಷ್ಟರಲ್ಲಿ ಕಾರ್ಡಿನ ಬಿಲ್ ಬಂದು ಕೂತಿರುತ್ತದೆ. ಕೈಲಾದಷ್ಟು ಕಟ್ಟಿ ಮಿಕ್ಕಿದ್ದನ್ನು ಮುಂದಿನ ತಿಂಗಳಿಗೆ ತಳ್ಳುತ್ತೇವೆ. ಬಹಳ ಮನೆಗಳು ಎಡವುವುದು ಇದೇ ಜಾಗದಲ್ಲಿ, ಮತ್ತೆ ಮತ್ತೆ. ಎಲ್ಲರೂ ದುಂದುಗಾರರೇನಲ್ಲ, ಕೆಲಸದ ಕ್ರಮ ಹಿಂದುಮುಂದಾಗಿರುತ್ತದೆ, ಅಷ್ಟೇ. ಮೊದಲು ಕಾರ್ಡ್ ತೆಗೆದುಕೊಳ್ಳುತ್ತೇವೆ, ಆಮೇಲೆ ಆಫರ್ ಹುಡುಕುತ್ತೇವೆ, ಕುತ್ತಿಗೆಗೆ ಬಂದಾಗ ಲೆಕ್ಕ ಬರೆಯಲು ಕೂರುತ್ತೇವೆ.

ಇಲ್ಲಿ ಕೊಟ್ಟಿರುವ ಕ್ರಮ ಬೇರೆ: ಮೊದಲು ಮನೆ ಲೆಕ್ಕ, ನಂತರ ತಾರೀಖು, ನಂತರ ಕಾರ್ಡಿಗೆಂದೇ ಒಂದು ಖಾತೆ, ಆಮೇಲಷ್ಟೇ ಕಾರ್ಡಿನ ಬಳಕೆ. ಹಂತಗಳನ್ನು ಇದೇ ಅನುಕ್ರಮದಲ್ಲಿ ಮಾಡಿ. ಈಗಾಗಲೇ ಕಾರ್ಡಿನಲ್ಲಿ ಬಾಕಿ ಉಳಿಸಿಕೊಂಡವರು ಮಾತ್ರ 7ನೇ ಹಂತವನ್ನು ಮೊದಲು ಓದಬೇಕು.

ಬೇಕಾಗುವ ಸಾಮಗ್ರಿ

ಹಿಂದಿನ 3 ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಅಷ್ಟೇ ತಿಂಗಳ ಕಾರ್ಡ್ ಬಿಲ್, ಒಂದು ನೋಟ್‌ಬುಕ್, ಕ್ಯಾಲ್ಕ್ಯುಲೇಟರ್. ಜೊತೆಗೆ ಸಂಬಳ ಬೀಳುವ ಖಾತೆಯಲ್ಲದ ಇನ್ನೊಂದು ಉಳಿತಾಯ ಖಾತೆ. ಕನಿಷ್ಠ ಮೊತ್ತ ಇಡಬೇಕಿಲ್ಲದ ಖಾತೆಯಾದರೆ ಒಳ್ಳೆಯದು. ಖರ್ಚು ಬರೆಯುವ ಆ್ಯಪ್‌ಗಳು ಬೇಕಾದಷ್ಟಿವೆ. ಆದರೂ ಮೊದಲ 3 ತಿಂಗಳು ಕೈಯಲ್ಲೇ ಬರೆಯಿರಿ. ಆ್ಯಪ್ ತಾನೇ ವಿಂಗಡಿಸಿ ಕೊಡುವ ಲೆಕ್ಕವನ್ನು ಯಾರೂ ಗಮನವಿಟ್ಟು ನೋಡುವುದಿಲ್ಲ.

ಹಂತ 1: ಮನೆಯ ಖರ್ಚನ್ನು ಮೂರು ಪಾಲು ಮಾಡಿ

ಗಂಡ, ಹೆಂಡತಿ, ದುಡಿಯುವ ಮಕ್ಕಳು, ದುಡ್ಡು ಖರ್ಚು ಮಾಡುವವರೆಲ್ಲ ಒಟ್ಟಿಗೆ ಕೂತು ಈ ಹಂತ ಮುಗಿಸಬೇಕು. ಒಬ್ಬರೇ ಬರೆದ ಲೆಕ್ಕದಲ್ಲಿ ಇನ್ನೊಬ್ಬರ ಖರ್ಚು ಯಾವಾಗಲೂ ಕಡಿಮೆ ಕಾಣಿಸುತ್ತದೆ.

ಮೊದಲ ಪಾಲು ಕಟ್ಟಲೇಬೇಕಾದ ಖರ್ಚು: ಬಾಡಿಗೆ, ಸಾಲದ ಕಂತು, ಚೀಟಿ, ಟ್ಯೂಷನ್, ಫೋನ್. ಎರಡನೆಯದು ದಿನನಿತ್ಯದ ಓಡಾಟದ ಖರ್ಚು: ದಿನಸಿ, ಹಾಲು, ತರಕಾರಿ, ಗ್ಯಾಸ್, ಪೆಟ್ರೋಲ್, ಔಷಧ. ಮೂರನೆಯದು ವರ್ಷಕ್ಕೆ ಒಂದೆರಡು ಸಲ ಬರುವುದು. ಮನೆ ಲೆಕ್ಕ ಮುರಿಯುವುದು ಹೆಚ್ಚಾಗಿ ಈ ಮೂರನೆಯದರಿಂದಲೇ. ಮೇ–ಜೂನ್‌ನ ಶಾಲೆ ಫೀಸು, ಯೂನಿಫಾರ್ಮ್, ಗಾಡಿ ವಿಮೆ, ವರಮಹಾಲಕ್ಷ್ಮಿಯಿಂದ ದೀಪಾವಳಿವರೆಗೆ ಸಾಲುಗಟ್ಟಿ ಬರುವ ಹಬ್ಬಗಳು, ಮದುವೆ ತಿಂಗಳಿನ ಮುಯ್ಯಿ, ಊರಿಗೆ ಹೋಗಿ ಬರುವ ಖರ್ಚು. ಇವೆಲ್ಲ ಪ್ರತಿವರ್ಷ ಬರುತ್ತವೆ, ಬರುವ ತಿಂಗಳೂ ಗೊತ್ತಿರುತ್ತದೆ. ಆದರೂ ಬಂದಾಗ ಅನಿರೀಕ್ಷಿತ ಎಂಬಂತೆ ಕಾರ್ಡ್ ಉಜ್ಜುತ್ತೇವೆ.

ಒಂದು ಮಾದರಿ ಲೆಕ್ಕ. ಕೈಗೆ 45,000 ರೂ. ಬರುವ, ಬಾಡಿಗೆ ಮನೆಯಲ್ಲಿರುವ ನಾಲ್ಕು ಜನರ ಸಂಸಾರ:

ಕಟ್ಟಲೇಬೇಕಾದ್ದು: ಬಾಡಿಗೆ 11,000, ಬೈಕ್ ಕಂತು 3,200, ಚೀಟಿ 3,000, ಟ್ಯೂಷನ್ 2,000, ಫೋನ್ ಮತ್ತು ಇಂಟರ್ನೆಟ್ 1,300. ಒಟ್ಟು 20,500.

ಓಡಾಟದ್ದು: ದಿನಸಿ 6,000, ದಿನಕ್ಕೆ ಒಂದೂವರೆ ಲೀಟರ್‌ನಂತೆ ಹಾಲು 2,100, ತರಕಾರಿ–ಹಣ್ಣು 3,000, ಗ್ಯಾಸ್ 900, ಪೆಟ್ರೋಲ್ 2,000, ಔಷಧ 1,000. ಒಟ್ಟು 15,000.

ವರ್ಷದ್ದು: ಶಾಲೆ 32,000, ಹಬ್ಬ 14,000, ಮುಯ್ಯಿ ಮತ್ತು ಪ್ರಯಾಣ 8,000, ರಿಪೇರಿ 4,000, ಗಾಡಿ ವಿಮೆ 2,000. ಒಟ್ಟು 60,000. ಇದನ್ನು 12ರಿಂದ ಭಾಗಿಸಿದರೆ ತಿಂಗಳಿಗೆ 5,000.

ಮೂರೂ ಸೇರಿ 40,500. ಉಳಿಯುವುದು 4,500. ಅದರಲ್ಲಿ 3,000 ಉಳಿತಾಯಕ್ಕೆ, 1,500 ಕೈಖರ್ಚಿಗೆ. ಮೂರನೆಯ ಪಾಲಿನ 5,000 ಈ ತಿಂಗಳು ಖರ್ಚಾಗದಿದ್ದರೂ ಸಂಬಳ ಬಂದ ದಿನವೇ ಆರ್‌ಡಿಗೋ (ತಿಂಗಳು ತಿಂಗಳು ಕಟ್ಟುವ ಠೇವಣಿ) ಬೇರೆ ಖಾತೆಗೋ ಹೋಗಬೇಕು. ಈ ಮನೆ ಆ 5,000ವನ್ನು ಮಿಕ್ಕ ದುಡ್ಡು ಎಂದು ಭಾವಿಸಿದರೆ ಜೂನ್‌ನಲ್ಲಿ 32,000 ರೂ. ಶಾಲೆ ಫೀಸು ಕಾರ್ಡಿನ ಮೇಲೆ ಬೀಳುತ್ತದೆ, ಜುಲೈನಲ್ಲಿ ಬಡ್ಡಿ ಶುರು.

ಗೃಹಲಕ್ಷ್ಮಿಯ 2,000 ರೂ. ಬರುವ ಮನೆಯವರು ಅದನ್ನು ಖಾತೆಗೆ ಬಿದ್ದ ಮೇಲೆ ಆದಾಯಕ್ಕೆ ಸೇರಿಸಿ. ಬರಲಿದೆ ಎಂಬ ಲೆಕ್ಕದಲ್ಲಿ ಮೊದಲೇ ಖರ್ಚು ಮಾಡಬೇಡಿ. ಬೋನಸ್, ಓವರ್‌ಟೈಮ್ ಹಣಕ್ಕೂ ಇದೇ ಮಾತು.

ಹಂತ 2: ಬ್ಯಾಂಕಿನ ಮಿತಿ ಬಿಟ್ಟು ನಿಮ್ಮ ಮಿತಿ ಬರೆಯಿರಿ

ಬ್ಯಾಂಕ್ 1,50,000 ರೂ. ಮಿತಿ ಕೊಟ್ಟಿರಬಹುದು. ಅದು ನಿಮಗೆ ಎಷ್ಟು ಸಾಲ ಕೊಡಬಹುದು ಎಂಬ ಬ್ಯಾಂಕಿನ ಲೆಕ್ಕ. ನಿಮ್ಮ ಮಿತಿ 1ನೇ ಹಂತದ ಪಟ್ಟಿಯಲ್ಲಿದೆ. ಹೇಗಿದ್ದರೂ ಮಾಡುವ, ಕಾರ್ಡ್ ನಡೆಯುವ ಖರ್ಚುಗಳನ್ನಷ್ಟೇ ಗುರುತು ಹಾಕಿ. ಮೇಲಿನ ಮನೆಯಲ್ಲಿ ಅವು ದಿನಸಿ 6,000, ಪೆಟ್ರೋಲ್ 2,000, ಫೋನ್–ಇಂಟರ್ನೆಟ್ 1,300, ಔಷಧ 1,000, ಗ್ಯಾಸ್ 900. ಕೂಡಿದರೆ 11,200. ಈ ಮನೆಯ ಕಾರ್ಡಿನ ಮಿತಿ ಅಷ್ಟೇ.

ಹಾಲು, ತರಕಾರಿ, ಸಂತೆಯ ಖರ್ಚು ನಗದು ಅಥವಾ ಯುಪಿಐಯಲ್ಲೇ ಇರಲಿ. ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಿಕೊಂಡವರು ವಿಶೇಷವಾಗಿ ಜಾಗ್ರತೆ ವಹಿಸಬೇಕು. ಕ್ಯೂಆರ್ ಸ್ಕ್ಯಾನ್ ಮಾಡುವಾಗ ಹಣ ಉಳಿತಾಯ ಖಾತೆಯಿಂದ ಹೋಗುತ್ತಿದೆಯೋ ಕಾರ್ಡಿನಿಂದಲೋ ನೋಡುವ ಅಭ್ಯಾಸ ನಮಗಿಲ್ಲ. 20 ರೂ. ಚಹಾ, 60 ರೂ. ಆಟೊ ಸೇರಿ ತಿಂಗಳ ಕೊನೆಗೆ ಎರಡು ಮೂರು ಸಾವಿರ ಆಗಿರುತ್ತದೆ. ಆ್ಯಪ್‌ನಲ್ಲಿ ಮೊದಲ ಆಯ್ಕೆಯಾಗಿ ಉಳಿತಾಯ ಖಾತೆಯನ್ನೇ ಇಡಿ.

ಬ್ಯಾಂಕಿನ ಮಿತಿಯನ್ನು ತೀರಾ ಕೆಳಗಿಳಿಸುವ ಅಗತ್ಯವಿಲ್ಲ. ಬಳಕೆ ಒಟ್ಟು ಮಿತಿಯ ಶೇ. 30ರ ಒಳಗಿದ್ದರೆ ಕ್ರೆಡಿಟ್ ಸ್ಕೋರ್‌ಗೆ, ಅಂದರೆ ಸಾಲ ಕೊಡುವವರು ನೋಡುವ ನಿಮ್ಮ ಅಂಕಕ್ಕೆ, ಒಳ್ಳೆಯದು. 11,200 ಬಳಸುವವರಿಗೆ 40,000–50,000 ರೂ. ಮಿತಿ ಸಾಕಾಗುತ್ತದೆ. ನಿಮ್ಮ ಒಪ್ಪಿಗೆ ಇಲ್ಲದೆ ಬ್ಯಾಂಕ್ ಮಿತಿ ಏರಿಸುವಂತಿಲ್ಲ. ಫೋನ್ ಮಾಡಿ ಕೇಳಿದಾಗ ಬೇಡ ಎನ್ನಿ.

ಹಂತ 3: ಸಂಬಳದ ತಾರೀಖಿಗೆ ಬಿಲ್ಲಿನ ತಾರೀಖು ಹೊಂದಿಸಿ

ಕಾರ್ಡಿಗೆ ಎರಡು ತಾರೀಖು ಇರುತ್ತವೆ. ಒಂದು ಬಿಲ್ ತಯಾರಾಗುವ ದಿನ, ಇನ್ನೊಂದು ಹಣ ಕಟ್ಟಬೇಕಾದ ಕೊನೆಯ ದಿನ. ಎರಡರ ನಡುವೆ ಸಾಮಾನ್ಯವಾಗಿ 18ರಿಂದ 20 ದಿನ.

ಸಂಬಳ 1ನೇ ತಾರೀಖಿಗೆ ಬರುವವರಿಗೆ ಬಿಲ್ 15–16ಕ್ಕೆ ತಯಾರಾಗಿ ಕೊನೆಯ ದಿನ ಮುಂದಿನ ತಿಂಗಳ 4–5ಕ್ಕೆ ಬಂದರೆ ಅನುಕೂಲ. ಖಾತೆಯಲ್ಲಿ ದುಡ್ಡಿರುವಾಗಲೇ ಬಿಲ್ ತೀರುತ್ತದೆ. ಕೊನೆಯ ದಿನ 24–25ಕ್ಕೆ ಬಿದ್ದರೆ ಒಳ್ಳೆಯ ಲೆಕ್ಕ ಇಟ್ಟವರಿಗೂ ಕಷ್ಟ. ಬಿಲ್ಲಿನ ಆವರ್ತ ಬದಲಿಸಿಕೊಳ್ಳಲು ಕನಿಷ್ಠ ಒಮ್ಮೆಯಾದರೂ ಅವಕಾಶ ಕೊಡಬೇಕೆಂದು ಆರ್‌ಬಿಐ ನಿಯಮವಿದೆ. ಬ್ಯಾಂಕಿನ ಆ್ಯಪ್‌ನಲ್ಲೋ ಗ್ರಾಹಕ ಸೇವಾ ಸಂಖ್ಯೆಯಲ್ಲೋ ಕೇಳಿ. ಹಳೆಯ ಬಾಕಿ ತೀರಿಸಿದ ಮೇಲೆ ಕೇಳಿದರೆ ಗೊಂದಲವಾಗುವುದಿಲ್ಲ. ಎರಡು ಮೂರು ಕಾರ್ಡ್ ಇದ್ದರೆ ಎಲ್ಲದರ ಕೊನೆಯ ದಿನವೂ ಒಂದೇ ವಾರದೊಳಗೆ ಬರಲಿ.

ಬಿಲ್ ತಯಾರಾದ ಮರುದಿನ ಮಾಡಿದ ಖರೀದಿಗೆ 45–50 ದಿನ ಬಡ್ಡಿ ಇರುವುದಿಲ್ಲ. ಬಿಲ್ಲಿನ ಹಿಂದಿನ ದಿನ ಮಾಡಿದ್ದಕ್ಕೆ 20 ದಿನವಷ್ಟೇ. ಮಿಕ್ಸಿ, ಟೈರ್‌ನಂಥ ದೊಡ್ಡ ಖರೀದಿಯನ್ನು ಎರಡು ದಿನ ತಡೆಹಿಡಿದು ಬಿಲ್ಲಿನ ನಂತರ ಮಾಡಿದರೆ ಹಣ ಕಟ್ಟುವ ಮೊದಲು ಇನ್ನೊಂದು ಸಂಬಳ ಕೈಗೆ ಬಂದಿರುತ್ತದೆ. ಆದರೆ ಈ ಅನುಕೂಲ ಹಿಂದಿನ ಬಿಲ್ ಪೂರ್ತಿ ಕಟ್ಟಿದವರಿಗೆ ಮಾತ್ರ.

ಹಂತ 4: ಕಾರ್ಡಿನ ದುಡ್ಡು ಅದೇ ವಾರ ಬೇರೆ ಖಾತೆಗೆ

ಈ ಮಾರ್ಗದರ್ಶಿಯಲ್ಲಿ ಒಂದೇ ಒಂದು ಕೆಲಸ ಮಾಡುವುದಾದರೆ ಇದನ್ನು ಮಾಡಿ. ಕಾರ್ಡ್ ಬಳಸಿದಾಗ ಖಾತೆಯ ಮೊತ್ತ ಕಡಿಮೆಯಾಗುವುದಿಲ್ಲ, ಹಾಗಾಗಿ ದುಡ್ಡಿದೆ ಎಂದು ಮನಸ್ಸು ನಂಬುತ್ತದೆ. ಅದೇ ದುಡ್ಡು ಎರಡನೇ ಸಲ ಖರ್ಚಾಗುತ್ತದೆ. ಬಿಲ್ ಬಂದಾಗ ಕೊರತೆ ಬೀಳುವುದಕ್ಕೆ ಮೂಲ ಕಾರಣ ಇದು.

ಪರಿಹಾರ: ಪ್ರತಿ ಭಾನುವಾರ ಕಾರ್ಡಿನ ಆ್ಯಪ್ ತೆರೆದು ಆ ವಾರ ಬಳಸಿದ ಮೊತ್ತ ನೋಡಿ. ಅಷ್ಟನ್ನೂ ಸಂಬಳದ ಖಾತೆಯಿಂದ ಎರಡನೇ ಖಾತೆಗೆ ವರ್ಗಾಯಿಸಿ. 2,840 ರೂ. ಬಳಸಿದ್ದರೆ 2,840. ಎರಡನೇ ಖಾತೆಯ ಎಟಿಎಂ ಕಾರ್ಡ್ ಬೀರುವಿನಲ್ಲಿರಲಿ, ಯುಪಿಐ ಜೋಡಿಸಬೇಡಿ. ಬಿಲ್ ಬಂದ ದಿನ ಅಲ್ಲಿರುವ ಹಣವೂ ಬಿಲ್ಲಿನ ಮೊತ್ತವೂ ಹೆಚ್ಚುಕಡಿಮೆ ಸಮ ಇರುತ್ತವೆ.

ಯಾವುದೋ ಭಾನುವಾರ ವರ್ಗಾಯಿಸಲು ಸಂಬಳದ ಖಾತೆಯಲ್ಲಿ ಹಣ ಸಾಲದಿದ್ದರೆ ಅದು ಮೊದಲ ಎಚ್ಚರಿಕೆ ಗಂಟೆ. ಆ ತಿಂಗಳು ಮುಗಿಯುವವರೆಗೆ ಕಾರ್ಡ್ ಪರ್ಸಿನಿಂದ ತೆಗೆದಿಡಿ. ಬಿಲ್ ಬರುವ ಮೊದಲೇ ತಪ್ಪು ಕಾಣಿಸಿಕೊಳ್ಳುವುದೇ ಈ ವಿಧಾನದ ದೊಡ್ಡ ಲಾಭ.

ಹಂತ 5: ತಾನಾಗಿ ಕಟ್ಟುವ ವ್ಯವಸ್ಥೆ ಮಾಡಿ, ಬಿಲ್ ಓದಿ

ಎರಡನೇ ಖಾತೆಯಿಂದ ಆಟೊಪೇ ಹಾಕಿ. ಅರ್ಜಿಯಲ್ಲಿ ಎರಡು ಆಯ್ಕೆ ಇರುತ್ತವೆ: ಒಟ್ಟು ಬಾಕಿ, ಕನಿಷ್ಠ ಬಾಕಿ (ಆ ತಿಂಗಳು ಕಟ್ಟಲೇಬೇಕಾದ ಅತಿ ಕಡಿಮೆ ಮೊತ್ತ). ಒಟ್ಟು ಬಾಕಿಯನ್ನೇ ಆರಿಸಿ. ಆಟೊಪೇ ಇದೆಯೆಂದು ನೆಮ್ಮದಿಯಾಗಿದ್ದವರು ಆರು ತಿಂಗಳಾದ ಮೇಲೆ ಬರೀ ಕನಿಷ್ಠ ಮೊತ್ತ ಹೋಗುತ್ತಿತ್ತು ಎಂದು ಕಂಡುಕೊಳ್ಳುವುದು ಅಪರೂಪವಲ್ಲ. ಆಟೊಪೇ ಚಾಲ್ತಿಗೆ ಬರಲು ಒಂದು ಬಿಲ್ಲಿನ ಅವಧಿ ಹಿಡಿಯಬಹುದು. ಮೊದಲ ತಿಂಗಳು ಕೈಯಾರೆ ಕಟ್ಟಿ. ಖಾತೆಯಲ್ಲಿ ಹಣ ಸಾಲದೆ ಆಟೊಪೇ ಹಿಂತಿರುಗಿದರೆ ಕಾರ್ಡಿನವರೂ ಖಾತೆಯ ಬ್ಯಾಂಕಿನವರೂ ಶುಲ್ಕ ಹಾಕಬಹುದು.

ಬೇರೆ ಬ್ಯಾಂಕಿನಿಂದ ಕೈಯಾರೆ ಕಟ್ಟುವವರು ಕೊನೆಯ ದಿನಕ್ಕಿಂತ 3 ದಿನ ಮೊದಲೇ ಕಟ್ಟಬೇಕು. ಕೊನೆಯ ದಿನ ಕಳೆದು 3 ದಿನ ಮೀರಿದ ಮೇಲಷ್ಟೇ ತಡ ಶುಲ್ಕ ಹಾಕಬೇಕು, ಬಾಕಿದಾರ ಎಂದು ವರದಿ ಮಾಡಬೇಕು ಎಂಬ ನಿಯಮ ಇದೆ ನಿಜ. ಬಡ್ಡಿಯ ವಿಷಯದಲ್ಲಿ ಆ 3 ದಿನವನ್ನು ನೆಚ್ಚಿಕೊಳ್ಳಬೇಡಿ.

ಬಿಲ್ ಓದಲು ಹತ್ತು ನಿಮಿಷ ಸಾಕು. ಪ್ರತಿ ಸಾಲಿಗೂ ನೋಟ್‌ಬುಕ್ಕಿನಲ್ಲಿ ಜೋಡಿ ಸಿಗಬೇಕು. ವಿಮೆ, ಕಾರ್ಡ್ ರಕ್ಷಣೆ, ಸದಸ್ಯತ್ವ ಎಂಬ ಹೆಸರಿನಲ್ಲಿ ನೀವು ಕೇಳದ ಶುಲ್ಕವಿದೆಯೇ, ಮರಳಿಸಿದ ವಸ್ತುವಿನ ಹಣ ಜಮೆಯಾಗಿದೆಯೇ, ಬಡ್ಡಿ ಎಂಬ ಸಾಲು ಕಾಣುತ್ತಿದೆಯೇ ನೋಡಿ. ತಪ್ಪಿದ್ದರೆ ಅಂದೇ ಬರಹದಲ್ಲಿ ದೂರು ಕೊಟ್ಟು ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ಗ್ರಾಹಕರ ದೂರು ವಿಚಾರಿಸುವ ಆರ್‌ಬಿಐ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಅದಕ್ಕೆ ಶುಲ್ಕವಿಲ್ಲ. ಮಾಹಿತಿಗೆ 14448.

ಹಂತ 6: ಕನಿಷ್ಠ ಬಾಕಿ ಕಟ್ಟಿದರೆ ಏನಾಗುತ್ತದೆ, ಲೆಕ್ಕ ಹಾಕಿ ನೋಡಿ

ಜುಲೈ 20ಕ್ಕೆ 30,000 ರೂ. ಫ್ರಿಜ್ ಕಾರ್ಡಿನಲ್ಲಿ ಕೊಂಡಿರಿ ಎನ್ನೋಣ. ಬಿಲ್ ಆಗಸ್ಟ್ 15ಕ್ಕೆ, ಕೊನೆಯ ದಿನ ಸೆಪ್ಟೆಂಬರ್ 4. ಬಡ್ಡಿ ತಿಂಗಳಿಗೆ ಶೇ. 3.5, ಅಂದರೆ ವರ್ಷಕ್ಕೆ ಶೇ. 42. ಬಹಳಷ್ಟು ಕಾರ್ಡ್‌ಗಳ ದರ ಇದರ ಆಸುಪಾಸಿನಲ್ಲೇ ಇದೆ. ಕನಿಷ್ಠ ಬಾಕಿ ಶೇ. 5, ಅಂದರೆ 1,500 ರೂ. ಅಷ್ಟನ್ನೇ ಕಟ್ಟಿದಿರಿ.

ಉಳಿದ 28,500ಕ್ಕೆ ಬಡ್ಡಿ ಎಣಿಸುವುದು ಸೆಪ್ಟೆಂಬರ್ 4ರಿಂದಲ್ಲ, ಫ್ರಿಜ್ ಕೊಂಡ ಜುಲೈ 20ರಿಂದ. ಸೆಪ್ಟೆಂಬರ್ 15ರ ಬಿಲ್ಲಿನವರೆಗೆ 57 ದಿನ. ಬಡ್ಡಿ ಸುಮಾರು 1,869 ರೂ., ಅದರ ಮೇಲೆ ಶೇ. 18 ಜಿಎಸ್‌ಟಿ 336. ಒಟ್ಟು 2,205. ಕಟ್ಟಿದ್ದು 1,500, ಮೇಲೆ ಬಿದ್ದದ್ದು 2,205. ಕಟ್ಟಿದ ಮೇಲೂ ಸಾಲ ಬೆಳೆದಿದೆ.

ಇದರ ಜೊತೆ ಇನ್ನೊಂದು ಪೆಟ್ಟು ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ಹಳೆಯ ಬಾಕಿ ಒಂದಿಷ್ಟು ಉಳಿದರೂ ಹೊಸ ಖರೀದಿಗೆ ಬಡ್ಡಿರಹಿತ ಅವಧಿ ರದ್ದಾಗುತ್ತದೆ. ಅಂದು ತಂದ ದಿನಸಿಗೆ ಅಂದಿನಿಂದಲೇ ಬಡ್ಡಿ.

ಹೀಗೆ ಬಾಕಿ ಉಳಿಸಿಕೊಂಡವರು ಆಮೇಲೆ ಪೂರ್ತಿ ಕಟ್ಟಿದ ಮೇಲೂ ಮುಂದಿನ ಬಿಲ್ಲಿನಲ್ಲಿ ಸಣ್ಣ ಬಡ್ಡಿ ಬಂದರೆ ಗಾಬರಿಯಾಗಬೇಡಿ. ಬಿಲ್ ತಯಾರಾದ ದಿನದಿಂದ ನೀವು ಕಟ್ಟಿದ ದಿನದವರೆಗಿನ ಬಡ್ಡಿ ಅದು. ಅದನ್ನೂ ತೀರಿಸಿದ ಮೇಲೆಯೇ ಕಾರ್ಡ್ ಮೊದಲಿನಂತಾಗುತ್ತದೆ, ಅಲ್ಲಿಯವರೆಗೆ ಬಳಸಬೇಡಿ.

ಹಂತ 7: ಬಾಕಿ ಆಗಲೇ ಬೆಳೆದಿದ್ದರೆ

ಮೊದಲು ಬಳಕೆ ನಿಲ್ಲಿಸಿ. ಆ್ಯಪ್‌ನಲ್ಲಿ ಅಂಗಡಿ, ಆನ್‌ಲೈನ್ ವ್ಯವಹಾರ ಎರಡನ್ನೂ ಆಫ್ ಮಾಡಿ. ಶಾಪಿಂಗ್ ಆ್ಯಪ್‌ಗಳಲ್ಲಿ ಉಳಿಸಿಟ್ಟ ಕಾರ್ಡ್ ಅಳಿಸಿ. ಸೋರುವ ಕೊಳಾಯಿ ನಿಲ್ಲಿಸದೆ ನೀರು ಎತ್ತಿ ಹಾಕಿ ಪ್ರಯೋಜನವಿಲ್ಲ.

ನಂತರ ದುಬಾರಿ ಬಡ್ಡಿಯನ್ನು ಕಡಿಮೆ ಬಡ್ಡಿಗೆ ಬದಲಿಸಿ. 60,000 ರೂ. ಬಾಕಿಗೆ ಶೇ. 3.5ರಂತೆ ತಿಂಗಳ ಬಡ್ಡಿ 2,100, ಜಿಎಸ್‌ಟಿ 378, ಒಟ್ಟು 2,478. ನೀವು 3,000 ಕಟ್ಟಿದರೆ ಅಸಲಿಗೆ ಹೋಗುವುದು 522 ರೂ. ಹೊಸ ಖರ್ಚು ಒಂದೂ ಮಾಡದಿದ್ದರೂ ತೀರಲು ಸುಮಾರು 43 ತಿಂಗಳು ಬೇಕು. ಅದೇ 60,000ವನ್ನು ವರ್ಷಕ್ಕೆ ಶೇ. 16ರ ವೈಯಕ್ತಿಕ ಸಾಲ ತೆಗೆದು ತೀರಿಸಿದರೆ 2,938 ರೂ. ಕಂತಿನಲ್ಲಿ 24 ತಿಂಗಳಿಗೆ ಮುಗಿಯುತ್ತದೆ. ಬ್ಯಾಂಕ್ ಸಾಲದ ಬಡ್ಡಿಗೆ ಜಿಎಸ್‌ಟಿ ಇಲ್ಲ, ಕಾರ್ಡಿನ ಬಡ್ಡಿಗೆ ಇದೆ ಎಂಬುದೂ ನೆನಪಿರಲಿ. ಮನೆಯಲ್ಲಿ ಒಡವೆ ಇದ್ದರೆ ಬ್ಯಾಂಕಿನ ಚಿನ್ನದ ಸಾಲ ಸಾಮಾನ್ಯವಾಗಿ ಇನ್ನೂ ಅಗ್ಗ. ಒಡವೆ ಅಡ ಇಡುವುದಕ್ಕೆ ಮನಸ್ಸು ಹಿಂಜರಿಯುತ್ತದೆ, ಸಹಜ, ಆದರೆ ಶೇ. 42ರ ಸಾಲ ಹೊತ್ತುಕೊಂಡು ಒಡವೆಯನ್ನು ಲಾಕರಿನಲ್ಲಿಡುವುದು ಮನೆಗೇ ನಷ್ಟ. ಎರಡೂ ಆಗದಿದ್ದರೆ ಕಾರ್ಡಿನ ಬಾಕಿಯನ್ನೇ ಕಂತುಗಳಾಗಿ ಬದಲಿಸಲು ಬ್ಯಾಂಕನ್ನು ಕೇಳಿ. ಮುಂದೆ ಪ್ರತಿ ಬಿಲ್ಲಿನಲ್ಲೂ ಆ ಕಂತು ಪೂರ್ತಿಯಾಗಿ ಸೇರಿಕೊಳ್ಳುತ್ತದೆ.

ಮಾಡಬಾರದ ಮೂರು ಕೆಲಸ: ಒಂದು ಕಾರ್ಡಿನ ಬಿಲ್ ಕಟ್ಟಲು ಇನ್ನೊಂದು ಕಾರ್ಡಿನಿಂದ ನಗದು ತೆಗೆಯುವುದು, ಅಂಗಡಿಯಲ್ಲಿ ಸುಳ್ಳು ಖರೀದಿ ತೋರಿಸಿ ಕಮಿಷನ್ ಕೊಟ್ಟು ನಗದು ಪಡೆಯುವುದು, ಮೊತ್ತ ಕಡಿಮೆ ಮಾಡುತ್ತೇವೆಂದಾಗ ಯೋಚಿಸದೆ ಸೆಟಲ್‌ಮೆಂಟ್‌ಗೆ ಒಪ್ಪುವುದು. ಸೆಟಲ್ ಆದ ಸಾಲ ಪೂರ್ತಿ ತೀರಿದ ಸಾಲವೆಂದು ಕ್ರೆಡಿಟ್ ವರದಿಯಲ್ಲಿ ದಾಖಲಾಗುವುದಿಲ್ಲ, ಮುಂದೆ ಮನೆ ಸಾಲ ಕೇಳುವಾಗ ಅದು ಅಡ್ಡ ಬರುತ್ತದೆ.

ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ. ಬೆದರಿಸುವಂತಿಲ್ಲ, ನೆಂಟರಿಷ್ಟರ ಮುಂದೆ ಮಾನ ಕಳೆಯುವಂತಿಲ್ಲ. ಹಾಗೆ ಮಾಡಿದರೆ ಕರೆಯ ದಿನ, ಸಮಯ ಬರೆದಿಟ್ಟು ಬ್ಯಾಂಕಿಗೆ ಲಿಖಿತ ದೂರು ಕೊಡಿ.

ಹಂತ 8: ಕಾರ್ಡ್ ಮುಟ್ಟಬಾರದ ಜಾಗಗಳು

ಎಟಿಎಂನಿಂದ ನಗದು: ತೆಗೆದ ದಿನದಿಂದಲೇ ಬಡ್ಡಿ, ಮೇಲೆ ಸುಮಾರು ಶೇ. 2.5 ಶುಲ್ಕ, ಕನಿಷ್ಠ ಶುಲ್ಕ ಹಲವು ಕಾರ್ಡ್‌ಗಳಲ್ಲಿ 500 ರೂ. 2,000 ತೆಗೆದರೂ 500 ಹೋಗುತ್ತದೆ.

ನೋ ಕಾಸ್ಟ್ ಕಂತು: ಬಡ್ಡಿಯಷ್ಟು ಮೊತ್ತವನ್ನು ಬೆಲೆಯಲ್ಲಿ ಬಿಡುತ್ತಾರೆ. ಆದರೆ ಆ ಬಡ್ಡಿಯ ಮೇಲಿನ ಜಿಎಸ್‌ಟಿ ಮತ್ತು ಪ್ರೊಸೆಸಿಂಗ್ ಶುಲ್ಕ ನಿಮ್ಮದೇ. ಪೂರ್ತಿ ಹಣ ಕೊಟ್ಟರೆ ಅದೇ ವಸ್ತು ಎಷ್ಟಕ್ಕೆ ಸಿಗುತ್ತದೆಂದು ಕೇಳಿ, ನಂತರ ನಿರ್ಧರಿಸಿ. ಕಂತು 1ನೇ ಹಂತದ ಮೊದಲ ಪಾಲಿಗೆ ಸೇರಬೇಕು, ಅಲ್ಲಿ ಜಾಗವಿಲ್ಲದಿದ್ದರೆ ಆ ವಸ್ತು ಸದ್ಯಕ್ಕೆ ಬೇಡ.

ರಿವಾರ್ಡ್‌ಗಾಗಿ ಖರೀದಿ: 100 ರೂ.ಗೆ ಒಂದು ರೂಪಾಯಿ ಮರಳುವ ಕಾರ್ಡಿನಲ್ಲಿ ತಿಂಗಳಿಗೆ 11,200 ಖರ್ಚು ಮಾಡಿದರೆ ವರ್ಷಕ್ಕೆ ಸಿಗುವುದು 1,344 ರೂ. ಒಂದೇ ಸಲ ಬಾಕಿ ಉಳಿಸಿದರೆ ಮೇಲಿನ ಫ್ರಿಜ್ ಲೆಕ್ಕದಲ್ಲಿ ಅದಕ್ಕಿಂತ ಹೆಚ್ಚು ಹೋಗುತ್ತದೆ.

ಹಂತ 9: ಬೀಗ ಹಾಕಿ

ವಿದೇಶಿ ವ್ಯವಹಾರ ಆಫ್ ಇರಲಿ. ಟ್ಯಾಪ್ ಮಾಡಿ ಕಟ್ಟುವ ಸೌಲಭ್ಯದಲ್ಲಿ 5,000 ರೂ.ವರೆಗೆ ಪಿನ್ ಕೇಳುವುದಿಲ್ಲ. ಬೇಡವಾದರೆ ಅದನ್ನೂ ಆಫ್ ಮಾಡಿ. ಪಾಯಿಂಟ್ಸ್ ಇಂದೇ ಮುಗಿಯುತ್ತದೆ, ಟ್ರಾಫಿಕ್ ದಂಡ ಬಾಕಿಯಿದೆ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರುವ ಎಪಿಕೆ ಫೈಲ್ (ಫೋನಿಗೆ ಆ್ಯಪ್ ಹಾಕುವ ಫೈಲ್) ತೆರೆಯಲೇಬೇಡಿ. ಮನೆಯ ಹಿರಿಯರಿಗೂ ಇದನ್ನು ಹೇಳಿಕೊಡಿ.

ಹಣ ಹೋದರೆ ಈ ಅನುಕ್ರಮ: ಆ್ಯಪ್‌ನಲ್ಲಿ ಕಾರ್ಡ್ ಬ್ಲಾಕ್, ಬ್ಯಾಂಕಿಗೆ ತಿಳಿಸಿ ದೂರಿನ ಸಂಖ್ಯೆ, ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ. ಬ್ಯಾಂಕಿನದೂ ನಿಮ್ಮದೂ ತಪ್ಪಿಲ್ಲದೆ ಹಣ ಹೋಗಿದ್ದು, ಸಂದೇಶ ಬಂದ 3 ಕೆಲಸದ ದಿನದೊಳಗೆ ತಿಳಿಸಿದರೆ ನಿಮ್ಮ ಹೊಣೆ ಸೊನ್ನೆ ಎಂದು 2017ರ ಆರ್‌ಬಿಐ ಸುತ್ತೋಲೆ ಹೇಳುತ್ತದೆ. ಒಟಿಪಿ ನೀವೇ ಹೇಳಿದ್ದರೆ ತಿಳಿಸುವವರೆಗಿನ ನಷ್ಟ ನಿಮ್ಮದು, ಹಾಗಾಗಿ ನಾಚಿಕೆಯಿಂದ ಮುಚ್ಚಿಟ್ಟ ಒಂದೊಂದು ಗಂಟೆಗೂ ಬೆಲೆ ತೆರಬೇಕಾಗುತ್ತದೆ.

ಅಪಾಯದ ಸೂಚನೆಗಳು

ಎರಡು ತಿಂಗಳು ಸತತವಾಗಿ ಪೂರ್ತಿ ಕಟ್ಟಲಾಗದಿರುವುದು. ಹಾಲು, ತರಕಾರಿಗೂ ಕಾರ್ಡ್ ಬೇಕಾಗುವುದು. ಬಿಲ್ಲಿನ ಮೊತ್ತ ಮನೆಯವರಿಗೆ ಹೇಳದೆ ಇಡುವುದು. ಬಾಕಿ ಎಷ್ಟೆಂದು ಕೇಳಿದರೆ ಸರಿಯಾಗಿ ಹೇಳಲಾಗದಿರುವುದು. ಚೀಟಿ ಕಟ್ಟಲು ಕೈಸಾಲ ಮಾಡುವುದು. ಇದರಲ್ಲಿ ಯಾವ ಎರಡು ಕಂಡರೂ 7ನೇ ಹಂತಕ್ಕೆ ಹೋಗಿ.

ವರ್ಷಕ್ಕೊಮ್ಮೆ ಕ್ರೆಡಿಟ್ ವರದಿ ತೆಗೆದು ನೋಡಿ. ಎಲ್ಲರ ಸಾಲದ ದಾಖಲೆ ಇಡುವ ಸಂಸ್ಥೆಗಳಾದ ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್ ನಾಲ್ಕೂ ವರ್ಷಕ್ಕೊಂದು ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು. ಮೂರು ಮೂರು ತಿಂಗಳಿಗೆ ಒಂದೊಂದನ್ನು ತೆಗೆದರೆ ವರ್ಷವಿಡೀ ಕಣ್ಣಿಟ್ಟಂತಾಗುತ್ತದೆ.

ಹಂತ 10: ಬೇಡದ ಕಾರ್ಡ್ ಮುಚ್ಚುವುದು

ಕತ್ತರಿಸಿ ಎಸೆದರೆ ಕಾರ್ಡ್ ಮುಚ್ಚಿದಂತಲ್ಲ, ವಾರ್ಷಿಕ ಶುಲ್ಕ ಬೀಳುತ್ತಲೇ ಇರಬಹುದು. ಮೊದಲು ಆ ಕಾರ್ಡಿಗೆ ಜೋಡಿಸಿದ ಒಟಿಟಿ, ಫೋನ್, ವಿಮೆಯ ಆಟೊಪೇ ಬೇರೆಡೆಗೆ ಬದಲಿಸಿ. ಪಾಯಿಂಟ್ಸ್ ಬಳಸಿಕೊಳ್ಳಿ. ಪೈಸೆ ಬಿಡದೆ ಬಾಕಿ ತೀರಿಸಿ. ಆಮೇಲೆ ಇಮೇಲ್ ಅಥವಾ ಆ್ಯಪ್ ಮೂಲಕ ಮುಚ್ಚಲು ಕೇಳಿ. ಬಾಕಿ ಇಲ್ಲದಿದ್ದರೆ ಬ್ಯಾಂಕ್ 7 ಕೆಲಸದ ದಿನದಲ್ಲಿ ಮುಚ್ಚಬೇಕು, ತಡಮಾಡಿದರೆ ಮುಚ್ಚುವವರೆಗೆ ದಿನಕ್ಕೆ 500 ರೂ.ನಂತೆ ನಿಮಗೆ ಕೊಡಬೇಕು. 2022ರ ಆರ್‌ಬಿಐ ನಿರ್ದೇಶನದಲ್ಲಿ ಇದು ಸ್ಪಷ್ಟವಾಗಿದೆ. ಇರುವ ಕಾರ್ಡ್‌ಗಳಲ್ಲಿ ಅತಿ ಹಳೆಯದಕ್ಕೆ ವಾರ್ಷಿಕ ಶುಲ್ಕವಿಲ್ಲದಿದ್ದರೆ ಅದನ್ನು ಉಳಿಸಿಕೊಂಡು ಹೊಸದನ್ನು ಮುಚ್ಚಿ. ಬಾಕಿಯಿಲ್ಲ ಎಂಬ ಪತ್ರ ತಪ್ಪದೆ ಪಡೆದು, ಒಂದೆರಡು ತಿಂಗಳ ನಂತರ ಕ್ರೆಡಿಟ್ ವರದಿಯಲ್ಲಿ ಆ ಖಾತೆ ಮುಚ್ಚಿದೆ ಎಂದು ದಾಖಲಾಗಿದೆಯೇ ನೋಡಿ.